ಅಪ್‌ಡೇಟ್: ಅವ್ವ, ಎಮ್ಮೆ ಎಲ್ಲಾ ಈಚೆ ದಡಕ್ಕೆ ಬಂದರು

ಹೋದ ತಿಂಗಳು ಇಲ್ಲಿ ನಿಮ್ಮನ್ನು ಕೇಳಿದ್ದೆ. ಜಮಖಂಡಿ ತಾಲ್ಲೂಕಿನಲ್ಲಿ, ಕೃಷ್ಣಾ ಹೊಳೆಯ ನಡುಗಡ್ಡೆಯಲ್ಲಿ ನಮ್ಮ ಮನೆ. ಹೊಳೆ ಏರುವ ಮೊದಲೇ ಅವ್ವನನ್ನೂ ನಾಲ್ಕು ಎಮ್ಮೆಗಳನ್ನೂ ಸಾಗಿಸಬೇಕಾ, ಕಾಯಬೇಕಾ ಅಂತ.

ಕಾಯಲಿಲ್ಲ. ನೀವು ಹೇಳಿದ ಹಾಗೆ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು, ಅಲ್ಲಿನ ರಾಜಾಪುರ ಬ್ಯಾರೇಜ್‌ನಿಂದ ಎಷ್ಟು ಕ್ಯುಸೆಕ್ ಬರ್ತಿದೆ ಅಂತ ದಿನಾ ನೋಡಿದೆ. ನಮ್ಮಲ್ಲಿ ಬಿಸಿಲಿದ್ದರೂ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದರೆ ಹೊಳೆ ಏರುತ್ತದೆ, ಅಲ್ವಾ? 2019ರ ಆಗಸ್ಟ್‌ನ ಪ್ರವಾಹ ಇನ್ನೂ ಕಣ್ಣಮುಂದಿದೆ. ನೀರು ಜಾಸ್ತಿಯಾಗತೊಡಗಿದ ದಿನವೇ ಎಮ್ಮೆಗಳನ್ನು ದೊಡ್ಡ ದೋಣಿಯಲ್ಲಿ ಒಂದೊಂದಾಗಿ ದಾಟಿಸಿದೆವು. ಇಡೀ ದಿನ ಹಿಡಿಯಿತು.

ಅವ್ವ ಮಾತ್ರ ಏಳಲಿಲ್ಲ. "ಹೊಳಿ ನನಗೇನ ಹೊಸದೇನೋ?" ಅಂದಳು. ನಾನು ಎಷ್ಟು ಬೇಡಿಕೊಂಡರೂ ಇಲ್ಲ. ಕೊನೆಗೆ ಕಾಕಾ ಬಂದು, "ವೈನಿ, ಅಲ್ಲಿ ಎಮ್ಮಿ ಹಿಂಡವರು ಯಾರು?" ಅಂದ. ಸುಮ್ನೆ ಎದ್ದು ದೋಣಿ ಹತ್ತಿದಳು.

ಎರಡು ಎಕರೆ ಕಬ್ಬು ನೀರಲ್ಲಿ ನಿಂತಿದೆ. ಪರಿಹಾರ ಕೊಟ್ಟರೆ ಬೇಡ ಅನ್ನುವುದಿಲ್ಲ. ಆದರೆ ನಮಗೆ ಬೇಕಿರುವುದು ಸೇತುವೆ. ಕಬ್ಬು ಹೋದರೆ ಮತ್ತೆ ನಾಟಿ ಮಾಡಬಹುದು. ರಾತ್ರಿ ಹೊತ್ತು ಹೆರಿಗೆ ನೋವು ಬಂದವಳನ್ನು ದೋಣಿಯಲ್ಲಿ ಕೂರಿಸಿ ನೋಡಿ, ಆಗ ಗೊತ್ತಾಗುತ್ತದೆ.

ದಾರಿ ತೋರಿಸಿದವರಿಗೆಲ್ಲ ಕೈ ಮುಗಿಯುತ್ತೇನೆ.