ಸ್ಟೇಕ್‌ಹೌಸ್ ಬಾರಿನ ಹ್ಯಾಪಿ ಅವರ್: ಕಡಿಮೆ ಬೆಲೆಗೆ ಸಿಗುವುದು ಏನು?

ತುಂಗಾತೀರ:
ಶಿಕಾಗೋ ಡೌನ್‌ಟೌನ್‌ನ ಒಂದು ದುಬಾರಿ ಸ್ಟೇಕ್‌ಹೌಸಿನ, ಅಂದರೆ ದನದ ಮಾಂಸದ ಊಟಕ್ಕೆ ಹೆಸರಾದ ಹೋಟೆಲಿನ, ಬಾರಿನಲ್ಲಿ ಮುಂದಿನ ವಾರ ಸಂಜೆ ಹ್ಯಾಪಿ ಅವರ್‌ಗೆ, ಅಂದರೆ ಕೆಲವು ಗಂಟೆ ಮಾತ್ರ ಬೆಲೆ ಇಳಿಸುವ ಹೊತ್ತಿಗೆ, ಸೇರೋಣವೆಂದು ನಮ್ಮ ಕಚೇರಿಯ ತಂಡದವರು ನಿಶ್ಚಯಿಸಿದ್ದಾರೆ. ನಾನು ಸಸ್ಯಾಹಾರಿ, ಒಂದು ಗ್ಲಾಸ್ ವೈನ್‌ಗೆ ಅಭ್ಯಂತರವಿಲ್ಲ. ಒಳಗಿನ ಊಟದ ಮೇಜಿನಲ್ಲಿ ಅಷ್ಟೊಂದು ಬೆಲೆಗೆ ಮಾರುವವರು ಬಾರಿನಲ್ಲಿ ಮಾತ್ರ ಅಗ್ಗಕ್ಕೆ ಕೊಡುತ್ತಾರೆಂದರೆ ಗುಣಮಟ್ಟದಲ್ಲಿ ಏನಾದರೂ ಕೊರತೆ ಇರುತ್ತದೆಯೇ? ನನಗೆ ತಿನ್ನಲು ಏನು ಸಿಗಬಹುದು?

ಅಡುಗೆಭಟ್ಟ:
ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಕೊರತೆ ಇರಬೇಕೆಂದೇನಿಲ್ಲ. ಟೆಂಡರ್‌ಲಾಯಿನ್ ಎಂಬ ದನದ ಉದ್ದನೆಯ ಮಾಂಸಖಂಡದ ನಡುಭಾಗ ದಪ್ಪವಾಗಿರುತ್ತದೆ, ಒಂದು ತುದಿ ಬಾಲದಂತೆ ಸಣ್ಣಗಾಗುತ್ತಾ ಹೋಗುತ್ತದೆ. ನಡುಭಾಗದಿಂದ ಫಿಲೆ ಎಂದು ಕರೆಯುವ ದುಂಡನೆಯ ಮಾಂಸದ ಬಿಲ್ಲೆಗಳು ಬರುತ್ತವೆ. ಬಾಲದ ತುದಿಯೂ ಪಕ್ಕದ ಪಟ್ಟಿಯೂ ಆ ಆಕಾರಕ್ಕೆ ಬಾರವು. ತುದಿಯ ಭಾಗ ನಡುಭಾಗದಷ್ಟೇ ಮೃದುವಾಗಿರುವುದರಿಂದ, ಅದನ್ನು ಹೋಳು ಮಾಡಿ ಪುಟ್ಟ ಬನ್ನಿನೊಳಗೆ ಖಾರದ ಹಾರ್ಸ್‌ರಾಡಿಶ್ ಸಾಸಿನೊಂದಿಗೆ ಇಟ್ಟು ಬಾರಿಗೆ ಕಳಿಸುವುದು ಅನೇಕ ಕಡೆ ಇರುವ ಪದ್ಧತಿ. ಸಂಜೆ ಆರಕ್ಕೆ ಮುಂಚೆ ಬಾರಿನ ಕುರ್ಚಿಗಳು ಖಾಲಿ ಇರುತ್ತವೆ, ಆದರೆ ಬಾಡಿಗೆಯನ್ನೂ ಆಗಲೇ ಬಂದಿರುವ ಸಿಬ್ಬಂದಿಯ ಸಂಬಳವನ್ನೂ ಹೇಗೂ ಕೊಡಲೇಬೇಕು. ಬೆಲೆ ಇಳಿಯುವುದಕ್ಕೆ ಅದೇ ಕಾರಣ.

ಮಲೆನಾಡಿಗ:
ಅಡುಗೆಭಟ್ಟರು ತಟ್ಟೆಯ ಲೆಕ್ಕವನ್ನು ಸರಿಯಾಗಿಯೇ ಹೇಳಿದ್ದಾರೆ, ಆದರೆ ಲಾಭ ಇರುವುದು ಗ್ಲಾಸಿನಲ್ಲಿ. ಉಪ್ಪುಪ್ಪಾದ ಕರಿದ ತಿಂಡಿ ಬಾಯಾರಿಕೆ ತರುತ್ತದೆ, ಎರಡನೆಯ ಗ್ಲಾಸನ್ನು ಯಾರೂ ಒತ್ತಾಯಿಸದೆಯೇ ತರಿಸಿಕೊಳ್ಳುತ್ತೇವೆ. ಅಮೆರಿಕದ ಆರೋಗ್ಯ ಸಂಸ್ಥೆಗಳು ಒಂದು ಪಾನೀಯವೆಂದು ಎಣಿಸುವುದು 14 ಗ್ರಾಂ ಶುದ್ಧ ಆಲ್ಕೋಹಾಲನ್ನು, ಅಂದರೆ ಸುಮಾರು 150 ಮಿಲಿಲೀಟರ್ ವೈನ್ ಅಥವಾ 44 ಮಿಲಿಲೀಟರ್ ಜಿನ್. ಇಂಥ ಬಾರುಗಳಲ್ಲಿ ಮಾರ್ಟೀನಿ ಎಂಬ ಜಿನ್ ಬೆರೆಸಿದ ಪಾನೀಯದ ಒಂದು ದೊಡ್ಡ ಗ್ಲಾಸಿನಲ್ಲೇ ಅದರ ಎರಡು ಪಾಲು ಸೇರಿಕೊಂಡಿರಬಹುದು. ಶಿಕಾಗೋ ಇರುವ ಇಲಿನಾಯ್ ರಾಜ್ಯ 1989ರಲ್ಲಿ ಹ್ಯಾಪಿ ಅವರ್ ಅನ್ನೇ ನಿಷೇಧಿಸಿತ್ತು. 2015ರಲ್ಲಿ ಮತ್ತೆ ಅನುಮತಿ ಕೊಟ್ಟಾಗಲೂ ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಹದಿನೈದು ಗಂಟೆ ಎಂಬ ಮಿತಿ ಹಾಕಿತು. ಒಂದು ಕೊಂಡರೆ ಇನ್ನೊಂದು ಉಚಿತ ಎಂಬ ಮಾರಾಟವನ್ನು ಒಪ್ಪಲಿಲ್ಲ. ಜನ ಕುಡಿದು ಕಾರು ಓಡಿಸುತ್ತಾರೆಂಬ ಭಯ ಇದರ ಹಿಂದಿದೆ, ಆ ಭಯ ಸುಳ್ಳಲ್ಲ.

ಅಡುಗೆಭಟ್ಟ:
ಮಲೆನಾಡಿಗರೇ, ಗ್ಲಾಸಿನ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದೇ ಗ್ಲಾಸ್ ಹಿಡಿದು ಎರಡು ತಟ್ಟೆ ತಿಂದು ಎದ್ದು ಬರುವ ಗಿರಾಕಿಗೆ ಇಷ್ಟು ಒಳ್ಳೆಯ ಮಾಂಸ ಈ ಬೆಲೆಗೆ ಬೇರೆ ಹೊತ್ತಿನಲ್ಲಿ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಬಯಲುಸೀಮೆಯ ಹೆಣ್ಣುಮಗಳು:
ಮಾಂಸದ ಮಾತಾಯಿತು, ತುಂಗಾತೀರ ಅವರು ಕೇಳಿದ್ದು ಸಸ್ಯಾಹಾರದ ವಿಷಯ. ಅಲ್ಲಿನ ಫ್ರೆಂಚ್ ಫ್ರೈಸನ್ನು ನಂಬಿ ಕೂರಬೇಡಿ, ಕೆಲವು ಸ್ಟೇಕ್‌ಹೌಸುಗಳು ಅದನ್ನು ದನದ ಕೊಬ್ಬಿನಲ್ಲೇ ಕರಿಯುತ್ತವೆ. ಈರುಳ್ಳಿ ಸೂಪಿಗೆ ಸಾಮಾನ್ಯವಾಗಿ ಮೂಳೆ ಕುದಿಸಿದ ಸಾರು ಬೀಳುತ್ತದೆ, ಸೀಸರ್ ಸಲಾಡಿನಲ್ಲಿ ಆಂಚೊವಿ ಮೀನು, ಬ್ರಸೆಲ್ಸ್ ಸ್ಪ್ರೌಟ್ಸ್ ಎಂಬ ಪುಟ್ಟ ಕೋಸಿನ ಮೇಲೆ ಬೇಕನ್ ಎಂಬ ಹಂದಿಮಾಂಸದ ಚೂರು. ನಾನು ಹೋಗಿದ್ದ ಒಂದು ಕಡೆ ಕರಿಯುವ ಎಣ್ಣೆ ಯಾವುದೆಂದು ಕೇಳಿದಾಗ ಬಾರ್‌ಟೆಂಡರ್ ಹುಡುಗಿ "ನನಗೆ ಗೊತ್ತಿಲ್ಲ, ಕೇಳಿಕೊಂಡು ಬರುತ್ತೇನೆ" ಎಂದು ಒಳಗೆ ಹೋಗಿ ಬಂದು, ಫ್ರೈಸ್ ಬೇಡವೆಂದಳು; ಅದರ ಬದಲು ಬೇಕನ್ ತೆಗೆಸಿದ ಐಸ್‌ಬರ್ಗ್ ಲೆಟ್ಯೂಸಿನ ಹೋಳು, ಬೇಯಿಸಿದ ಆಲೂಗಡ್ಡೆ ತಂದಿಟ್ಟಳು. ಎರಡೂ ರುಚಿಯಾಗಿದ್ದವು, ಸಂಕೋಚಪಟ್ಟು ಸುಮ್ಮನಿದ್ದಿದ್ದರೆ ದನದ ಕೊಬ್ಬು ತಿಂದು ಬರುತ್ತಿದ್ದೆ. ಟ್ರಫಲ್ ಎಂಬ ದುಬಾರಿ ಅಣಬೆಯ ಹೆಸರಿಗೂ ಹೆಚ್ಚು ಹಣ ಕೊಡಬೇಡಿ. ಅದರ ಹೆಸರಿನಲ್ಲಿ ಬಳಸುವ ಪರಿಮಳದ ಎಣ್ಣೆಯಲ್ಲಿ ಬಹುಪಾಲು ಕೃತಕ ಸುವಾಸನೆಯೇ ಇರುತ್ತದೆ, ಅಣಬೆ ಅಲ್ಲ.

ತುಂಗಾತೀರ:
ಎಲ್ಲರಿಗೂ ಕೃತಜ್ಞತೆಗಳು. ಎಣ್ಣೆಯ ವಿಷಯವನ್ನು ಮುಂಚೆಯೇ ಫೋನ್ ಮಾಡಿ ಕೇಳುತ್ತೇನೆ. ಟಿಪ್ ಕೊಡುವುದು ಇಳಿಸಿದ ಬೆಲೆಯ ಮೇಲೋ, ಮೂಲ ಬೆಲೆಯ ಮೇಲೋ?

ಮಲೆನಾಡಿಗ:
ಬಿಲ್ಲಿನಲ್ಲಿ ಏನಿದೆಯೋ ಅದರ ಮೇಲೆ ಕೊಟ್ಟರೆ ಸಾಕು ಎಂಬುದು ನನ್ನ ಅಭಿಪ್ರಾಯ. ರಿಯಾಯಿತಿ ಕೊಟ್ಟದ್ದು ಮಾಲೀಕರು.

ಬಯಲುಸೀಮೆಯ ಹೆಣ್ಣುಮಗಳು:
ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ರಿಯಾಯಿತಿ ಮಾಲೀಕರದಾದರೆ ಅದರ ಭಾರವನ್ನು ಬಾರ್‌ಟೆಂಡರ್ ಏಕೆ ಹೊರಬೇಕು? ಅರ್ಧ ಬೆಲೆಯ ಗ್ಲಾಸನ್ನು ತುಂಬಿಸಿ ಕೊಡಲು ಪೂರ್ತಿ ಶ್ರಮವೇ ಬೇಕು. ಟಿಪ್ ಪಡೆಯುವ ಕೆಲಸಗಾರರಿಗೆ ಅಮೆರಿಕದ ಕೇಂದ್ರ ಸರ್ಕಾರ ನಿಗದಿಪಡಿಸಿದ ಕನಿಷ್ಠ ಕೂಲಿ 1991ರಿಂದ ಗಂಟೆಗೆ 2.13 ಡಾಲರಿಗೇ ನಿಂತಿದೆ. ಇಲಿನಾಯ್‌ನಲ್ಲಿ ಅದಕ್ಕಿಂತ ಹೆಚ್ಚಿದ್ದರೂ ಅವರ ಸಂಸಾರ ನಡೆಯುವುದು ನಮ್ಮ ಟಿಪ್ಪಿನಿಂದಲೇ. ಮೂಲ ಬೆಲೆಯ ಮೇಲೆ ಶೇಕಡಾ 20 ಕೊಡಿ.

ಅಡುಗೆಭಟ್ಟ:
ನನ್ನ ಮತವೂ ಅದೇ. ಇನ್ನೊಂದು ಮಾತು: ಈ ಬೆಲೆ ಸಾಮಾನ್ಯವಾಗಿ ಬಾರಿನ ಜಾಗಕ್ಕೆ ಮಾತ್ರ ಅನ್ವಯಿಸುತ್ತದೆ. ತಂಡ ದೊಡ್ಡದಾಗಿ ನಿಮ್ಮನ್ನು ಒಳಗಿನ ಮೇಜಿಗೆ ಕೂರಿಸಿದರೆ ಅದೇ ತಿಂಡಿಗೆ ಪೂರ್ತಿ ಬೆಲೆ ಬೀಳಬಹುದು, ಕೂರುವ ಮುಂಚೆಯೇ ಕೇಳಿಕೊಳ್ಳಿ.