ಮೊದಲು ಫಾರ್ವರ್ಡ್ ಮಾಡಿದವರಿಗೆ ಜನ್ನತ್

ರಂಜಾನ್ ಹತ್ತಿರವಾದರೆ ನಮ್ಮ ಖಾಂದಾನಿನ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಬಂದೇ ಬರುತ್ತದೆ. ಈ ಸಲ ಹಾಕಿದ್ದು ಫೂಫಿ, ಅಂದರೆ ನಮ್ಮ ಸೋದರತ್ತೆ. ಹಸಿರು ಚಿತ್ರ, ಮೂಲೆಯಲ್ಲಿ ಚಂದ್ರ, ಕೆಳಗೆ ದಪ್ಪ ಅಕ್ಷರ: "ರಂಜಾನ್ ಬಂತೆಂಬ ಸುದ್ದಿಯನ್ನು ಯಾರು ಮೊದಲು ಇನ್ನೊಬ್ಬರಿಗೆ ತಿಳಿಸುತ್ತಾರೋ ಅವರಿಗೆ ಜಹನ್ನಮ್‌ನ ಬೆಂಕಿ ಹರಾಮ್ ಎಂದು ಪ್ರವಾದಿಯವರು ಹೇಳಿದ್ದಾರೆ. ತಡ ಮಾಡದೆ ಎಲ್ಲರಿಗೂ ಕಳಿಸಿ."

ಬಡೇ ಚಾಚಾ: ಮಾಷಾ ಅಲ್ಲಾಹ್.

ಛೋಟೇ ಚಾಚಾ: ಇದನ್ನು ನಾನು ನಿನ್ನೆಯೇ ಆಫೀಸಿನ ಗುಂಪಿಗೆ ಹಾಕಿದ್ದೆ.

ಫೂಫಿ: ಆಫೀಸಿಗೆ ತಾನೇ? ಈ ಗುಂಪಿಗೆ ಮೊದಲು ನಾನೇ.

ಛೋಟೇ ಚಾಚಾ: ಸುದ್ದಿ ಮೊದಲು ಕೊಟ್ಟವರು ಅಂತ ಇದೆ. ಗುಂಪಿನ ಲೆಕ್ಕ ಇಲ್ಲ.

ಸ್ವಲ್ಪ ಹೊತ್ತು ಇಷ್ಟೇ ನಡೆಯಿತು. ಅಣ್ಣ ತಂಗಿ ಇಬ್ಬರೂ ಅರವತ್ತು ದಾಟಿದವರು. ರಂಜಾನ್ ಶುರುವಾಗುವುದು ಚಂದ್ರ ಕಂಡ ಮೇಲೆ, ಕಾಣದಿದ್ದರೆ ಶಾಬಾನ್ ತಿಂಗಳ 30 ದಿನ ಮುಗಿದ ಮೇಲೆ ಅನ್ನುವುದು ಇಬ್ಬರಿಗೂ ಗೊತ್ತು. ಮೆಸೇಜಿನಲ್ಲಿ ತಾರೀಕೇ ಇರಲಿಲ್ಲ ಅನ್ನುವುದನ್ನು ಮಾತ್ರ ಇಬ್ಬರೂ ನೋಡಿರಲಿಲ್ಲ.

ಆಪಾ: ಫೂಫಿ, ಇದರ ಸನದ್ ಏನು?

ಫೂಫಿ: ಬಂತಪ್ಪಾ.

ಆಪಾ: ಬೇಜಾರು ಮಾಡ್ಕೋಬೇಡಿ. ಯಾವ ಹದೀಸ್ ಗ್ರಂಥದಲ್ಲಿದೆ, ಅಂದರೆ ಪ್ರವಾದಿಯವರ ಮಾತುಗಳ ಯಾವ ಸಂಗ್ರಹದಲ್ಲಿದೆ ಅಂತ ಕೇಳಿದೆ. ಪ್ರವಾದಿಯವರ ಹೆಸರು ಹಾಕಿದ್ದಾರಲ್ಲ. ಹದೀಸ್ ಸಂಗ್ರಹಿಸಿದ ಇಮಾಮ್ ಬುಖಾರಿ ಒಂದೊಂದಕ್ಕೂ ಇವರು ಇವರಿಂದ ಕೇಳಿದರು, ಅವರು ಅವರಿಂದ ಕೇಳಿದರು ಅಂತ ಪೂರ್ತಿ ಸಾಲು ಕೊಟ್ಟಿದ್ದಾರೆ, ಅದೇ ಸನದ್. ಇದಕ್ಕೆ ಒಂದು ಹೆಸರೂ ಇಲ್ಲ. ಯಾವ ಗ್ರಂಥದಲ್ಲೂ ಇಲ್ಲ ಅಂತ ಉಲಮಾಗಳು ಪ್ರತಿ ವರ್ಷ ಹೇಳ್ತಾರೆ, ನಾವು ಪ್ರತಿ ವರ್ಷ ಕಳಿಸ್ತೀವಿ.

ಫೂಫಿ: ನಿನಗೆ ಓದು ಜಾಸ್ತಿ ಆಯ್ತು. ನಿನ್ನ ನಿಕಾಹ್‌ಗೆ ನನಗೆ ಕಾರ್ಡ್ ಅಂಚೆಯಲ್ಲಿ ಬಂತು. ಮನೆಗೆ ಬಂದು ಕರೆದರಾ? ಆಗ ಸನದ್ ಕೇಳಿದ್ನಾ ನಾನು?

ಆ ಕಾರ್ಡಿನ ವಿಷಯ ಬರದೆ ನಮ್ಮಲ್ಲಿ ಯಾವ ಚರ್ಚೆಯೂ ಮುಗಿದಿಲ್ಲ. ಯಾರೂ ಉತ್ತರ ಕೊಡಲಿಲ್ಲ. ಬಡೇ ಚಾಚಾ ಮಾತ್ರ ಆ ಹೊತ್ತಿಗೆ ಉದ್ದದ್ದೊಂದು ಬರೆಯುತ್ತಿದ್ದರು.

ಬಡೇ ಚಾಚಾ: ಮಕ್ಕಳೇ, ಈಮಾನ್ ಅಂದರೆ ಆರು ಮಾತು. ಅಲ್ಲಾಹ್, ಮಲಕ್‌ಗಳು ಅಂದರೆ ದೇವದೂತರು, ಗ್ರಂಥಗಳು, ಪ್ರವಾದಿಗಳು, ಪರಲೋಕ, ತಕ್ದೀರ್ ಅಂದರೆ ವಿಧಿ. ಬಿಳಿ ಬಟ್ಟೆ ಉಟ್ಟ ಅಪರಿಚಿತನ ರೂಪದಲ್ಲಿ ಮಲಕ್ ಜಿಬ್ರೀಲ್ ಬಂದು, ಪ್ರವಾದಿಯವರ ಮಂಡಿಗೆ ಮಂಡಿ ತಾಗಿಸಿ ಕುಳಿತು ಕೇಳಿದಾಗ ಅವರು ಕೊಟ್ಟ ಉತ್ತರ ಇದು. ಆರನ್ನೂ ಮನಸ್ಸಿನಲ್ಲಿಟ್ಟುಕೊಂಡವನು ಜಗಳ ಆಡುವುದಿಲ್ಲ. ಫೂಫಿಯ ನಿಯ್ಯತ್, ಅಂದರೆ ಮನಸ್ಸಿನ ಉದ್ದೇಶ, ಒಳ್ಳೆಯದು. ಬುಖಾರಿಯ ಮೊದಲ ಹದೀಸೇ ನಿಯ್ಯತ್ತಿನ ಮೇಲಿದೆ. ಸುಮ್ಮನಿರಿ.

ಆಪಾ: ನಿಯ್ಯತ್ ಒಳ್ಳೆಯದೇ ಚಾಚಾ. ಅದರಿಂದ ಸುಳ್ಳು ಮಾತು ನಿಜ ಆಗುವುದಿಲ್ಲ, ಅಲ್ವಾ? ನನ್ನ ಹೆಸರಲ್ಲಿ ಬೇಕೆಂದೇ ಸುಳ್ಳು ಹೇಳಿದವನು ಬೆಂಕಿಯಲ್ಲಿ ತನ್ನ ಜಾಗ ನೋಡಿಕೊಳ್ಳಲಿ ಅಂತಲೂ ಪ್ರವಾದಿಯವರು ಹೇಳಿದ್ದಾರೆ. ಬೆಂಕಿಯಿಂದ ತಪ್ಪಿಸಿಕೊಳ್ಳೋಕೆ ಕಳಿಸೋ ಮೆಸೇಜಿಗೇ ಇದು ತಗುಲುತ್ತೆ. ಚಿಕ್ಕ ಕೆಲಸಕ್ಕೆ ಅಳತೆ ಮೀರಿದ ಪ್ರತಿಫಲ ಹೇಳಿದ್ದರೆ ಅದೇ ಕಟ್ಟುಕತೆಯ ಗುರುತು ಅಂತ 14ನೇ ಶತಮಾನದಲ್ಲೇ ವಿದ್ವಾಂಸ ಇಬ್ನುಲ್ ಖಯ್ಯಿಮ್ ಬರೆದಿದ್ದಾರೆ.

ಬಡೇ ಚಾಚಾ: ಅಂದರೆ ನಾನು ಸುಳ್ಳುಗಾರ.

ಅವರನ್ನು ಯಾರೂ ಹಾಗೆ ಅಂದಿರಲಿಲ್ಲ. ಆದರೆ ಗುಂಪಿನ ಅಡ್ಮಿನ್ ಆಗಿ ನಾನು ಕಂಡುಕೊಂಡ ಒಂದು ಸಂಗತಿ ಇದೆ: ಇಲ್ಲಿ ಕಿರಿಯರು ಯಾರಿಗೆ ಏನು ಹೇಳಿದರೂ ಅದು ಹೋಗಿ ತಾಗುವುದು ಬಡೇ ಚಾಚಾರಿಗೇ.

ಬಬ್ಲು: ಎಲ್ಲರೂ ಸ್ವಲ್ಪ ತಡೀರಿ. ಶೇಖ್ ಅಹ್ಮದ್ ಕಾಗದ ಯಾರಿಗೆ ನೆನಪಿದೆ?

ಬಬ್ಲು ಬಂದರೆ ಮಾತು ಮೂವತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಆದರೆ ಈ ಸಲ ಸರಿಯಾದ ಜಾಗಕ್ಕೇ ಕೈ ಹಾಕಿದ್ದ. ಮದೀನಾದಲ್ಲಿ ಪ್ರವಾದಿಯವರ ಗೋರಿ ಕಾಯುವ ಶೇಖ್ ಅಹ್ಮದ್ ಎಂಬವರಿಗೆ ಕನಸು ಬಿತ್ತು, ಖಿಯಾಮತ್, ಅಂದರೆ ಲೋಕದ ಕೊನೆಯ ದಿನ, ಹತ್ತಿರ ಬಂತು, ಇದನ್ನು ನಕಲು ಮಾಡಿ ಹಂಚಿದವರಿಗೆ ಬರಕತ್, ಹಂಚದವರಿಗೆ ಕೇಡು. ಇಷ್ಟೇ ಅದರ ಹೂರಣ. 19ನೇ ಶತಮಾನದಲ್ಲೂ ಆ ಕಾಗದ ಊರೂರು ಸುತ್ತುತ್ತಿತ್ತು. ಶೇಖ್ ಅಹ್ಮದ್‌ಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ.

ಬಬ್ಲು: ರಜೆಯಲ್ಲಿ ಕಾರ್ಬನ್ ಹಾಳೆ ಇಟ್ಟು ಬರೆದಿದ್ವಿ. ಆಪಾ ತಾನು ಎರಡು ಬರೆದು, ಮಿಕ್ಕಿದ್ದನ್ನೆಲ್ಲ ನನ್ನ ಕೈಲಿ ಬರೆಸಿದಳು. ಬರೆಯದಿದ್ದರೆ ಪರೀಕ್ಷೆಯಲ್ಲಿ ಫೇಲ್ ಆಗ್ತೀಯ ಅಂದಳು.

ಫೂಫಿ: ನೋಡಿ, ಸನದ್ ಕೇಳೋ ಮೇಡಂ!

ಆಪಾ: ನನಗಾಗ ಹತ್ತು ವರ್ಷ ಫೂಫಿ.

ಬಬ್ಲು: ಬರೆದೂ ಫೇಲ್ ಆದೆ.

ಆಪಾ: ಚಾಚಾ ಹೇಳಿದ ಹದೀಸಿನಲ್ಲೇ ಜಿಬ್ರೀಲ್ ಮುಂದೆ ಖಿಯಾಮತ್ ಯಾವಾಗ ಅಂತಲೂ ಕೇಳ್ತಾರೆ. ಪ್ರವಾದಿಯವರು, ಕೇಳುತ್ತಿರುವವನಿಗಿಂತ ನನಗೇನೂ ಹೆಚ್ಚು ಗೊತ್ತಿಲ್ಲ ಅಂತಾರೆ. ಶೇಖ್ ಅಹ್ಮದ್‌ಗೆ ಮಾತ್ರ ಗೊತ್ತಿತ್ತು ನೋಡಿ.

ಅಷ್ಟರಲ್ಲಿ ಛೋಟೇ ಚಾಚಾ, ಗಲಾಟೆ ತಣ್ಣಗಾಗಲಿ ಅಂತಲೇ ಇರಬೇಕು, ಒಂದು ಸಾಲು ಹಾಕಿದರು. ಹಾಕಬಾರದಿತ್ತು.

ಛೋಟೇ ಚಾಚಾ: ಬಿಡಿ ಬಿಡಿ. ಎಲ್ಲ ತಕ್ದೀರ್. ಆಗೋದು ಆಗೇ ಆಗುತ್ತೆ.

ಭಾಬಿ: ಚಾಚಾ, ನಮ್ಮ ದುಡ್ಡು ವಾಪಸ್ ಬರದೇ ಇರೋದೂ ತಕ್ದೀರಾ?

ಭಾಬಿ ಗುಂಪಿನಲ್ಲಿ ಬರೆಯುವುದೇ ಅಪರೂಪ. ಆ ದುಡ್ಡು ಅವರ ಗಂಡ ಭಾಯ್‌ಜಾನ್ ಛೋಟೇ ಚಾಚಾರಿಗೆ ಕೊಟ್ಟದ್ದು. ಭಾಯ್‌ಜಾನ್ ಎಲ್ಲವನ್ನೂ ಓದುತ್ತಿದ್ದರು, ನೀಲಿ ಗೆರೆ ಕಾಣುತ್ತಿತ್ತು, ಒಂದು ಅಕ್ಷರ ಬರೆಯಲಿಲ್ಲ.

ಆರು ನಂಬಿಕೆಗಳಲ್ಲಿ ಮನೆಗಳಲ್ಲಿ ಜಾಸ್ತಿ ಬಳಕೆಯಾಗುವುದು ಈ ಆರನೆಯದೇ. ಸಾವು ಬಂದ ಮನೆಯಲ್ಲಿ ಅದು ಕೊಡುವ ಸಮಾಧಾನವನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದೇ ಮಾತನ್ನು ಸೋಮಾರಿಗಳೂ ಸಾಲಗಾರರೂ ಹೊದ್ದು ಮಲಗುತ್ತಾರೆ. ಆಪಾ ಬಿಡುತ್ತಾಳಾ? ಶಾಮ್‌ನಲ್ಲಿ, ಅಂದರೆ ಸಿರಿಯಾ ಕಡೆ, ಪ್ಲೇಗ್ ಬಂದಾಗಿನ ಖಲೀಫಾ ಉಮರ್ ಅವರ ಕತೆ ಹಾಕಿದಳು. ಅವರು ದಾರಿಯಿಂದಲೇ ವಾಪಸ್ ಹೊರಟರು. ಅಲ್ಲಾಹನ ತಕ್ದೀರಿನಿಂದ ಓಡುತ್ತೀರಾ ಅಂತ ಪ್ರವಾದಿಯವರ ಸಂಗಾತಿ ಅಬೂ ಉಬೈದಾ ಕೇಳಿದರು. ಹೌದು, ಅಲ್ಲಾಹನ ಒಂದು ತಕ್ದೀರಿನಿಂದ ಇನ್ನೊಂದು ತಕ್ದೀರಿಗೆ ಅಂತ ಉಮರ್ ಉತ್ತರ ಕೊಟ್ಟರು.

ಛೋಟೇ ಚಾಚಾ: ದುಡ್ಡಿನ ವಿಷಯ ಗುಂಪಿನಲ್ಲಿ ಯಾಕೆ? ಇದು ಗೀಬತ್.

ಬಡೇ ಚಾಚಾ: ಹೌದು ಮಗಳೇ. ಬೆನ್ನ ಹಿಂದೆ ಆಡಿಕೊಳ್ಳುವುದು ಸತ್ತ ಅಣ್ಣತಮ್ಮನ ಮಾಂಸ ತಿಂದಂತೆ ಅಂತ ಸೂರಃ ಹುಜುರಾತ್‌ನಲ್ಲಿದೆ.

ಭಾಬಿ: ಬೆನ್ನ ಹಿಂದೆ ಎಲ್ಲಿ ಚಾಚಾ? ಅವರು ಆನ್‌ಲೈನ್ ಇದ್ದಾರಲ್ಲ.

ಇದಕ್ಕೆ ಹದಿಮೂರು ಜನ ನಗುವ ಮುಖ ಒತ್ತಿದರು. ಅದರಲ್ಲಿ ಫೂಫಿಯೂ ಇದ್ದರು. ಜನ್ನತ್‌ಗೆ ಮೊದಲು ಯಾರು ಅನ್ನುವ ಪೈಪೋಟಿ ಅವರಿಗಿನ್ನೂ ಮರೆತಿರಲಿಲ್ಲ ಅನ್ನಿಸುತ್ತದೆ.

ಭಾಬಿ: ಹೋದ ವರ್ಷ ಬಡೇ ಚಾಚಾ ಅವರೇ ನಮಗೆಲ್ಲ ಹೇಳಿದ್ದರು. ಸಾಲ ಉಳಿಸಿ ಸತ್ತವನ ಜನಾಝಾ ನಮಾಜ್ ಮಾಡಿಸಲು ಪ್ರವಾದಿಯವರು ಒಪ್ಪಲಿಲ್ಲ, ನೀವೇ ಮಾಡಿಕೊಳ್ಳಿ ಅಂದರು. ಆ ಸಾಲ ನನ್ನ ಮೇಲಿರಲಿ ಅಂತ ಅವರ ಸಂಗಾತಿ ಅಬೂ ಖತಾದಾ ಹೇಳಿದ ಮೇಲೆಯೇ ಮಾಡಿಸಿದರು. ಪರಲೋಕದ ಲೆಕ್ಕ ನಂಬುವವರು ಇಲ್ಲಿನ ಲೆಕ್ಕ ಮೊದಲು ಮುಗಿಸಬೇಕಲ್ವಾ?

ಛೋಟೇ ಚಾಚಾ: ಕೊಡಲ್ಲ ಅಂತ ಯಾರಂದರು? ಆದರೆ ಅದು ಸಾಲವೋ ಸಹಾಯವೋ ಅನ್ನುವುದೇ ಗೊತ್ತಿಲ್ಲ. ಮನೆಯವರ ನಡುವೆ ಬರೆದಿಡುವುದು ಎಲ್ಲಿತ್ತು?

ಆಪಾ: ಕುರ್‌ಆನಿನ ಅತಿ ಉದ್ದದ ಆಯತ್, ಅಂದರೆ ವಚನ, ಅದೇ ವಿಷಯದ್ದು. ಅಲ್-ಬಖರ ಅಧ್ಯಾಯದ 282ನೆಯದು. ನಮಾಜಿನ ಬಗ್ಗೆ ಅಲ್ಲ, ಉಪವಾಸದ ಬಗ್ಗೆ ಅಲ್ಲ. ಸಾಲ ಚಿಕ್ಕದಿರಲಿ ದೊಡ್ಡದಿರಲಿ ಅವಧಿ ಸಮೇತ ಬರೆಯಿರಿ, ಬೇಸರ ಮಾಡಬೇಡಿ, ಸಾಕ್ಷಿ ಇಡಿ ಅಂತ.

ಛೋಟೇ ಚಾಚಾ: ಅದೇ ನಾನೂ ಹೇಳಿದ್ದು. ಬರೆದಿಲ್ಲವಲ್ಲ.

ಆಗ ಭಾಬಿ ಒಂದು ಫೋಟೋ ಹಾಕಿದರು. ಗೆರೆ ಹಾಳೆ, ಮಡಿಕೆಯಲ್ಲಿ ಹಳದಿಗಟ್ಟಿದೆ. ಮೊತ್ತ ಇದೆ, ಅವಧಿ ಇದೆ, ಕೆಳಗೆ ಛೋಟೇ ಚಾಚಾರ ಸಹಿ ಇದೆ. ಬದಿಯಲ್ಲಿ ಸಾಕ್ಷಿ ಅಂತ ಬರೆದು ಇನ್ನೊಂದು ಸಹಿ. ಬಾಲ ಸುತ್ತಿಕೊಂಡ ಆ ಸಹಿ ನಮ್ಮೆಲ್ಲರ ಶಾಲೆಯ ಪ್ರೋಗ್ರೆಸ್ ಕಾರ್ಡ್‌ಗಳ ಮೇಲೂ ಇದೆ. ನಮ್ಮ ಅಬ್ಬಾಗಳು ಸಿಡುಕಿದರೆ ನಾವು ಹೋಗುತ್ತಿದ್ದದ್ದು ಬಡೇ ಚಾಚಾರ ಹತ್ತಿರವೇ.

ಬಬ್ಲು: ನನ್ನ ಫೇಲ್ ಆದ ಕಾರ್ಡಿನ ಮೇಲೂ ಇದೇ ಸಹಿ!

ಆಪಾ: ಅದೇ ಆಯತ್‌ನಲ್ಲಿ ಇನ್ನೊಂದು ಮಾತಿದೆ. ಸಾಕ್ಷಿಗಳನ್ನು ಕರೆದಾಗ ಅವರು ಬರುವುದಿಲ್ಲ ಅನ್ನಬಾರದು.

ಛೋಟೇ ಚಾಚಾ ಗುಂಪಿನಿಂದ ಹೊರಗೆ ಹೋದರು. ನಾನು ಮತ್ತೆ ಸೇರಿಸಿದೆ. ಮತ್ತೆ ಹೋದರು. ಫೂಫಿ ಫೋನ್ ಮಾಡಿ ಕರೆತಂದರು. ಇಷ್ಟೆಲ್ಲ ಆಗುವವರೆಗೆ ಬಡೇ ಚಾಚಾ ಬರೆಯುತ್ತಲೇ ಇದ್ದರು, ಅಳಿಸುತ್ತಲೇ ಇದ್ದರು.

ಬಡೇ ಚಾಚಾ: ಸಹಿ ನನ್ನದೇ. ಆದರೆ ಅವತ್ತು ಕನ್ನಡಕ ಹಾಕಿರಲಿಲ್ಲ.