ಪದಚರ್ಚೆ: ‘ದುಂಬಿಯ ಶಿಲೀಂಧ್ರ’ ಅಂದರೆ ಯಾವುದು?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಕಾಫಿ ಬೆಳೆಗಾರರ ಕೈಪಿಡಿಯೊಂದರ ಕನ್ನಡ ಕರಡು ತಿದ್ದುತ್ತಿದ್ದೇನೆ. ರೊಬಸ್ಟಾ ಕಾಫಿಯ ರೆಂಬೆ ಕೊರೆಯುವ ಶಾಟ್ ಹೋಲ್ ಬೋರರ್ ಎಂಬ ದುಂಬಿಯ ಕುರಿತ ಪುಟದಲ್ಲಿ ‘ದುಂಬಿಯ ಶಿಲೀಂಧ್ರ’ ಎಂದು ಮತ್ತೆ ಮತ್ತೆ ಬರುತ್ತದೆ. ಒಂದು ಕಡೆ ಅದನ್ನು ನಾಶಮಾಡಿ ಎಂದಿದೆ, ಕೆಳಗಡೆ ಅದನ್ನೇ ಸಿಂಪಡಿಸಿ ಎಂದಿದೆ! ‘ಶಿಲೀಂಧ್ರನಾಶಕ’, ‘ಶಿಲೀಂಧ್ರ ಕೀಟನಾಶಕ’ ಎರಡೂ ಒಂದೇನಾ? ‘ಆಂಬ್ರೋಸಿಯಾ’ಗೆ ಕನ್ನಡದಲ್ಲಿ ಏನೆನ್ನಬಹುದು?

ಉತ್ತರ 1: ಮೇಡಂ, ಎಡವಟ್ಟಾಗಿರುವುದು ಷಷ್ಠಿ ವಿಭಕ್ತಿಯಿಂದ. ದುಂಬಿ ಸಾಕಿದ ಬೂಷ್ಟೂ ‘ದುಂಬಿಯ’ದೇ, ದುಂಬಿಯನ್ನು ಕೊಂದ ಬೂಷ್ಟೂ ‘ದುಂಬಿಯ’ದೇ. ಕ್ರಿಯಾಪದ ಸೇರಿಸದೆ ಬೇರೆ ದಾರಿಯಿಲ್ಲ.

ನಾಶಮಾಡಬೇಕಾದದ್ದು ಸಾಕಿದ್ದನ್ನು. ರೆಂಬೆಯ ಅಡಿಮೈಯಲ್ಲಿ ಗುಂಡುಸೂಜಿ ತೂರುವಷ್ಟು ತೂತು ಕಂಡರೆ ಉದ್ದಕ್ಕೆ ಸೀಳಿ ನೋಡಿ: ಒಳಗಿನ ಸುರಂಗದ ಗೋಡೆಗೆ ತೆಳುವಾದ ಬಿಳಿ ಬೂಷ್ಟು ಹಬ್ಬಿರುತ್ತದೆ, ಅದರ ಮಧ್ಯೆ ಕಾಲಿಲ್ಲದ ಬಿಳಿ ಮರಿಹುಳುಗಳು. ಒಂದೂವರೆ ಮಿ.ಮೀ.ಗಿಂತ ತುಸು ಉದ್ದದ ಕಪ್ಪು ಹೆಣ್ಣು ದುಂಬಿ ಈ ಬೂಷ್ಟಿನ ಬೀಜಕಗಳನ್ನು (ಬೂಷ್ಟು ಹರಡುವ ಧೂಳಿನಂಥ ಕಣಗಳನ್ನು) ಮೈಯೊಳಗಿನ ಚೀಲದಲ್ಲಿ ಹೊತ್ತು ತಂದು ಬಿತ್ತುತ್ತದೆ. ಮರಿ ಮೇಯುವುದು ಬೂಷ್ಟನ್ನೇ ಹೊರತು ಮರವನ್ನಲ್ಲ. ಈ ದುಂಬಿ ಸಾಕುವ ಬೂಷ್ಟು ಆಂಬ್ರೋಸಿಯೆಲ್ಲಾ ಕ್ಸೈಲೆಬೋರಿ, ಜೊತೆಗೆ ಫ್ಯುಸೇರಿಯಂ ಸೊಲಾನಿಯೂ ಸಿಗುತ್ತದೆ. ಹೀಗೆ ದುಂಬಿ ಸಾಕುವ ಬೂಷ್ಟಿಗೇ ಇಂಗ್ಲಿಷಿನಲ್ಲಿ ಆಂಬ್ರೋಸಿಯಾ ಎನ್ನುವುದು. ಆ ಪದಕ್ಕೆ ಗ್ರೀಕ್ ದೇವತೆಗಳ ಆಹಾರ ಎಂಬ ಅರ್ಥ ನಿಜ, ಆದರೂ ‘ಅಮೃತ ಶಿಲೀಂಧ್ರ’ ಬೇಡ, ಓದಿದವರು ಔಷಧಿ ಎಂದುಕೊಂಡಾರು. ‘ಮೇವುಬೂಷ್ಟು’ ಎನ್ನಿ, ಆವರಣದಲ್ಲಿ ಆಂಬ್ರೋಸಿಯಾ ಇರಲಿ.

ಸಿಂಪಡಣೆ ಸುರಂಗದೊಳಕ್ಕೆ ಇಳಿಯುವುದಿಲ್ಲ. ಹಾಗಾಗಿ ‘ನಾಶಮಾಡಿ’ ಎಂಬಲ್ಲಿ ಬಿಡಿಸಿ ಬರೆಯಿರಿ: ತೂತಿನಿಂದ ಬುಡದ ಕಡೆಗೆ 2–3 ಅಂಗುಲ ಸೇರಿಸಿ ರೆಂಬೆ ಕತ್ತರಿಸಿ, ಸುಡಿ. ಕತ್ತರಿಸಿದ್ದನ್ನು ಗಿಡದಡಿ ಬಿಟ್ಟರೆ ಒಳಗಿರುವ ದುಂಬಿಗಳು ಹೊರಬಂದು ಪಕ್ಕದ ಗಿಡ ಹಿಡಿಯುತ್ತವೆ.

ಸಿಂಪಡಿಸುವುದು ಕೊಲ್ಲುವ ಶಿಲೀಂಧ್ರ, ಬಿವೇರಿಯಾ ಬಾಸಿಯಾನ. ಇದನ್ನು ಕೀಟ ತಿನ್ನಬೇಕಿಲ್ಲ. ಬೀಜಕ ಮೈಗಂಟಿ, ಮೊಳೆತು, ಚರ್ಮ ತೂರಿ ಒಳಹೋಗುತ್ತದೆ. ಆದ್ದರಿಂದ ದುಂಬಿ ಹೊರಗಿರುವಾಗಲೇ ತಗುಲಬೇಕು. ಶಾಟ್ ಹೋಲ್ ಬೋರರ್ ಹೊರಗಿರುವ ಹೊತ್ತು ಕಡಿಮೆ, ಫಲವೂ ಅಷ್ಟಕ್ಕಷ್ಟೆ. ಕಾಫಿ ಕಾಯಿ ಕೊರೆಯುವ ಇನ್ನೊಂದು ದುಂಬಿ, ಕಾಯಿಕೊರಕ (ಬೆರ್ರಿ ಬೋರರ್), ಕಾಯಿಯ ಹೊಕ್ಕುಳಲ್ಲಿ ಕೂತು ಕೊರೆಯುವುದರಿಂದ ಅದಕ್ಕೆ ಚೆನ್ನಾಗಿ ತಾಗುತ್ತದೆ. ತೂತಿನ ಬಾಯಲ್ಲಿ ಹತ್ತಿಯಂಥ ಬಿಳಿ ಕುಚ್ಚು ಕಂಡರೆ ಕೆಲಸವಾಗಿದೆ ಎಂದೇ ಅರ್ಥ. (1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಭಾರತದಲ್ಲಿ ಮೊದಲು ಕಂಡ ಈ ಕಾಯಿಕೊರಕವೂ ತೊಗಟೆ ದುಂಬಿಗಳ ಉಪಕುಟುಂಬದ್ದೇ. ತೊಗಟೆಯ ಗೊಡವೆಗೇ ಹೋಗುವುದಿಲ್ಲ, ಹೆಸರು ಮಾತ್ರ ಉಳಿದಿದೆ.) ಬಿಸಿಲು ಬೀಜಕಗಳನ್ನು ಸಾಯಿಸುತ್ತದೆ, ಮೊಳೆಯಲು ತೇವ ಬೇಕು. ಸಂಜೆ ಹೊಡೆಯುವುದು ಅದಕ್ಕೇ.

ನಿಮ್ಮ ಎರಡನೇ ಪ್ರಶ್ನೆಯೇ ಹೆಚ್ಚು ಅಪಾಯದ್ದು. ಶಿಲೀಂಧ್ರನಾಶಕ ಶಿಲೀಂಧ್ರವನ್ನು ಕೊಲ್ಲುತ್ತದೆ, ‘ಶಿಲೀಂಧ್ರ ಕೀಟನಾಶಕ’ ಎಂಬುದು ಶಿಲೀಂಧ್ರವೇ. ಅವಸರದಲ್ಲಿ ಓದಿದವರು ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕದ) ಡ್ರಮ್ಮಿಗೇ ಬಿವೇರಿಯಾ ಪುಡಿ ಸುರಿಯುತ್ತಾರೆ. ಮೈಲುತುತ್ತದ ತಾಮ್ರಕ್ಕೆ ಬೀಜಕಗಳು ಸತ್ತು ದುಡ್ಡು ನೀರುಪಾಲು. ಡ್ರಮ್ಮು, ಸ್ಪ್ರೇಯರ್ ತೊಳೆಯದೆ ಬಳಸಿದರೂ ಇದೇ ಕತೆ. ‘ಕೀಟ ಕೊಲ್ಲುವ ಶಿಲೀಂಧ್ರ’ ಎಂದು ಉದ್ದಕ್ಕೇ ಬರೆಯಿರಿ, ಚಂದ ಕಡಿಮೆಯಾದರೂ ಪರವಾಗಿಲ್ಲ. ‘ಕೀಟರೋಗಕಾರಕ’ ಎಂಬ ಪಠ್ಯಪುಸ್ತಕದ ಪದವಂತೂ ಬೇಡ. ರೋಗ ಕೀಟಕ್ಕೋ, ಕೀಟದಿಂದ ಗಿಡಕ್ಕೋ ತಿಳಿಯುವುದಿಲ್ಲ.

ಪೈನ್, ಸ್ಪ್ರೂಸ್ ಮರಗಳ ತೊಗಟೆ ದುಂಬಿ ತರುವ, ಮರಕ್ಕೆ ನೀಲಿ ಬಣ್ಣ ಬರಿಸುವ ಬೂಷ್ಟು ಇವೆರಡಕ್ಕಿಂತ ಬೇರೆ. ಕಾಫಿ ಕೈಪಿಡಿಗೆ ಅದು ಬೇಕಿಲ್ಲ.

ಉತ್ತರ 2: ಮೇಲಿನದಕ್ಕೆ ಒಂದು ಸೇರ್ಪಡೆ. ಬಿವೇರಿಯಾ ನಮ್ಮವರಿಗೆ ಹೊಸದಲ್ಲ. ರೇಷ್ಮೆ ಸಾಕುವವರು ‘ಸುಣ್ಣಕಟ್ಟು’ ಎನ್ನುವ ರೋಗ ಇದರದ್ದೇ: ಸತ್ತ ಹುಳು ಗಟ್ಟಿಯಾಗಿ, ಮೈಮೇಲೆ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಆ ರೋಗಕ್ಕೆ ಶಿಲೀಂಧ್ರ ಕಾರಣವೆಂದು 1835ರಲ್ಲಿ ತೋರಿಸಿಕೊಟ್ಟ ಇಟಲಿಯ ಅಗೊಸ್ಟಿನೊ ಬಾಸಿಯ ಹೆಸರೇ ‘ಬಾಸಿಯಾನ’ದಲ್ಲಿರುವುದು. ‘ಸುಣ್ಣಕಟ್ಟು ಶಿಲೀಂಧ್ರ’ ಎಂದರೆ ರೇಷ್ಮೆ ಸೀಮೆಯವರಿಗೆ ತಟ್ಟನೆ ಗೊತ್ತಾಗುತ್ತದೆ, ಹೆದರಿಕೆಯೂ ಆಗುತ್ತದೆ. ಹೆದರುವುದು ಸರಿಯೇ. ಹಿಪ್ಪುನೇರಳೆ ತೋಟದ ಹತ್ತಿರ, ಹುಳು ಸಾಕುವ ಮನೆಯ ಸುತ್ತ ಇದನ್ನು ಹೊಡೆಯಬಾರದು ಎಂಬ ಸಾಲನ್ನು ಅದೇ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿ.